ಬಿಡದ ರೋಜಾ

ಸಂಜೆಯ ಅಜಾನಿಗೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಶಹರ್ ಬಾನು ನೀರಿನ ಚೊಂಬು ಹಿಡಿದು ಮನೆಗೆ ಅಂಟಿದ ಗ್ಯಾರೇಜಿನ ಮುಂದಿನ ಕಟ್ಟೆಗೆ ಬಂದು ನಿಂತಳು. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹೋಗುವ ರಸ್ತೆ ಅಲ್ಲಿಂದ ಮುಂದೆ ಏರಿ, ಸಿಲ್ವರ್ ಮರಗಳ ಸಾಲಿನ ಹಿಂದೆ ತಿರುಗುತ್ತಿತ್ತು. ಎದುರಿನ ಎಸ್ಟೇಟಿನಲ್ಲಿ ಸ್ಪ್ರಿಂಕ್ಲರ್‌ಗಳು ಓಡುತ್ತಿದ್ದವು. ಕಾಫಿ ಹೂ ಅರಳಿಸುವ ಹೂಮಳೆ ಬಾರದ್ದರಿಂದ ದುಡ್ಡಿದ್ದವರು ತೋಟಕ್ಕೆ ತಾವೇ ಮಳೆ ಹೊಯ್ಯುತ್ತಿದ್ದರು. ತಿರುವಿನಲ್ಲಿ ಮೊದಲು ಕಾಣಿಸಿದ್ದು ಗಂಡನ ಜೀಪಿನ ದೀಪ. ಅದರ ಮುಂದೆ, ಬೆಳಕನ್ನು ಬೆನ್ನಿಗೆ ಹೊತ್ತವಳಂತೆ, ಓಡಿ ಬರುತ್ತಿದ್ದ ಮಗಳು ಶಿಫಾ.

ಶಿಫಾ ಕಟ್ಟೆಯ ಹತ್ತಿರ ಬಂದವಳು ತಟ್ಟನೆ ನಿಲ್ಲಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಅತ್ತಿಂದಿತ್ತ ನಡೆದಳು. ತುಟಿಯ ಅಂಚು ಬಿಳಿಚಿ ಒಡೆದಿತ್ತು. ಬೆವರು ಕೂಡ ಮುಗಿದುಹೋಗಿ, ಕೆನ್ನೆಯ ಮೇಲೆ ಉಪ್ಪಿನ ಗೆರೆಯಷ್ಟೇ ಉಳಿದಿತ್ತು.

“ಕೂತ್ಕೋ,” ಎಂದಳು ಶಹರ್ ಬಾನು.

“ಕೂತ್ರೆ ಕಾಲು ಹಿಡ್ಕೊಳ್ಳುತ್ತೆ ಅಮ್ಮಿ.”

ಜೀಪಿನಿಂದಿಳಿದ ಗುಲಾಮ್ ಮುಸ್ತಫಾ ಟೊಪ್ಪಿ ಸರಿಮಾಡಿಕೊಳ್ಳುತ್ತ ನಕ್ಕ. “ಆ ಏರಿನಲ್ಲಿ ನಾನೇ ಗೇರ್ ಇಳಿಸ್ಬೇಕಾಯ್ತು ಬಾನು. ಇವಳದ್ದು ಮಾತ್ರ ಒಂದೇ ಗೇರು.”

ಮಸೀದಿಯ ಮೈಕಿನಲ್ಲಿ ಅಜಾನ್ ಶುರುವಾಯಿತು. ಶಿಫಾ ಒಂದು ಖರ್ಜೂರ ಬಾಯಿಗಿಟ್ಟುಕೊಂಡು ಚೊಂಬೆತ್ತಿ ಕುಡಿದಳು. ಅವಳ ಗಂಟಲಿನ ನರ ಏರಿ ಇಳಿಯುವುದನ್ನು ಶಹರ್ ಬಾನು ನೋಡಿದಳು. ಮೊದಲೆಲ್ಲ ಆ ನರ ಅಷ್ಟು ಕಾಣುತ್ತಿರಲಿಲ್ಲ.

ಒಳಗೆ ಚಾಪೆಯ ಮೇಲೆ ಗಂಜಿ, ಕರಬೂಜದ ಹೋಳು, ಸಮೋಸ ಎಲ್ಲ ಇತ್ತು. ಶಿಫಾ ಅರ್ಧ ಬಟ್ಟಲು ಗಂಜಿ ಕುಡಿದು, ತನ್ನ ಪಾಲಿನ ಸಮೋಸವನ್ನು ಅಣ್ಣನ ಹೆಂಡತಿ ನಜ್ಮಾಳ ತಟ್ಟೆಗೆ ಸರಿಸಿದಳು. “ಹೊಟ್ಟೆ ಭಾರ ಆದ್ರೆ ಓಟ ಭಾರ ಭಾಬಿ,” ಎಂದಳು. ಇದು ದಿನಾ ನಡೆಯುವ ಮಾತು. ಮನೆಯಲ್ಲಿ ಯಾರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಶಿಫಾ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದಳು. ಓದಿಗಿಂತ ಓಟದಲ್ಲಿ ಹೆಸರು ಮಾಡಿದ್ದಳು. ಹತ್ತು ಸಾವಿರ ಮೀಟರ್ ಓಟಕ್ಕೆ ವಿಶ್ವವಿದ್ಯಾಲಯದ ತಂಡದ ಆಯ್ಕೆ ರಂಜಾನಿನ ಕೊನೆಯ ವಾರದಲ್ಲಿ ಬಿದ್ದಿತ್ತು. ಅಲ್ಲಿ ಗೆದ್ದರೆ ದೇಶದ ಎಲ್ಲ ವಿಶ್ವವಿದ್ಯಾಲಯಗಳ ಕೂಟ. ಅಲ್ಲಿಂದಲೇ ಪೊಲೀಸಿನವರು, ರೈಲ್ವೆಯವರು ಹುಡುಗಿಯರನ್ನು ಆರಿಸಿಕೊಳ್ಳುತ್ತಾರೆ ಎಂದು ಕಾಲೇಜಿನ ಪಿ.ಟಿ. ಮೇಡಂ ಪ್ರೇಮಲತಾ ಹೇಳಿದ್ದಳು. ಗ್ಯಾರೇಜಿನ ಮನೆಯಿಂದ ಅಷ್ಟು ದೂರ ಹೋದವರು ಅದುವರೆಗೆ ಯಾರೂ ಇರಲಿಲ್ಲ.

ಪ್ರೇಮಲತಾಳಿಗೆ ಇದ್ದ ತಕರಾರು ಒಂದೇ, ಉಪವಾಸದ್ದು. ಫೋನಿನಲ್ಲಿ ಆಕೆಯ ದನಿ ಅಡುಗೆಮನೆಗೂ ಕೇಳುತ್ತಿತ್ತು. “ಆ ವಾರ ಆದ್ರೂ ರೋಜಾ ಬಿಡು ಮಾರಾಯ್ತಿ. ಆಮೇಲೆ ಹಿಡಿದು ತೀರ್ಸೋಕೆ ನಿಮ್ಮಲ್ಲಿ ದಾರಿ ಇದೆಯಂತಲ್ಲ.”

“ಬೇಡ ಮೇಡಂ. ರೋಜಾ ಹಿಡಿದೇ ನನ್ನ ಟೈಮ್ ಇಳೀತಾ ಇದೆ.”

ಅದು ಸುಳ್ಳಲ್ಲ. ಮೊದಲ ವಾರ ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ, ಲೈಬ್ರರಿಯ ಮೇಜಿನ ಮೇಲೆ ಹಣೆಯಿಟ್ಟು ಮಲಗುತ್ತಿದ್ದಳಂತೆ. ಆಮೇಲೆ ಮೈ ಒಗ್ಗಿಕೊಂಡಿತು. ನಸುಕಿಗೆ ಮುಂಚೆ ಸಹರಿ ಉಂಡು ನಮಾಜು ಮುಗಿಸಿ ನಿಧಾನದ ಓಟ. ಗಟ್ಟಿ ಓಟವೆಲ್ಲ ಸಂಜೆ ಇಫ್ತಾರಿಗೆ ಮುಂಚೆ, ನಿಂತ ಕೂಡಲೇ ನೀರು ಸಿಗುವ ಹಾಗೆ. ಒಬ್ಬಳೇ ಹೋಗಬಾರದೆಂದು ಹಿಂದೆ ಅಪ್ಪನ ಜೀಪು. ಗುಲಾಮ್ ಮುಸ್ತಫಾ ಈ ಏರ್ಪಾಡನ್ನು ಗ್ಯಾರೇಜಿಗೆ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಪಿಕಪ್ಪಿನ ಡ್ರೈವರುಗಳು ಬಾನೆಟ್ಟಿಗೆ ಒರಗಿ ನಿಂತು ಕೇಳುತ್ತಿದ್ದರು. “ನೀರೂ ಕುಡಿಯಲ್ವಾ?” ಎಂದು ಕೊನೆಗೆ ಎಲ್ಲರೂ ಕೇಳುತ್ತಿದ್ದರು. “ಉಗುಳೂ ನುಂಗಲ್ಲ,” ಎಂದು ಅವನು ಸ್ವಲ್ಪ ಹೆಚ್ಚೇ ಹೇಳುತ್ತಿದ್ದ.

ರಂಜಾನಿನಲ್ಲಿ ಅಡುಗೆಮನೆಯ ಕಪಾಟಿನ ಕೆಳಖಾನೆಯಲ್ಲಿ ಒಂದು ತಟ್ಟೆ ಊಟ ಮುಚ್ಚಿಡುವುದು ಆ ಮನೆಯಲ್ಲಿ ಶಹರ್ ಬಾನುವಿನ ಅತ್ತೆಯ ಕಾಲದಿಂದ ಬಂದ ರೂಢಿ. ತಿಂಗಳ ಆ ದಿನಗಳಲ್ಲಿ ಹೆಂಗಸರಿಗೆ ರೋಜಾ ಇಲ್ಲ, ನಮಾಜೂ ಇಲ್ಲ. ಹಾಗೆಂದು ಗಂಡಸರೆದುರು ಕೂತು ಉಣ್ಣುವಂತೆಯೂ ಇಲ್ಲ. ಬೇಕಾದವರು ಬಾಗಿಲು ಮರೆ ಮಾಡಿಕೊಂಡು ಉಂಡು ತಟ್ಟೆ ತೊಳೆದಿಡುತ್ತಿದ್ದರು. ಯಾರು ಉಂಡರೆಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿರುತ್ತಿತ್ತು. ಶಹರ್ ಬಾನುವಿಗೆ ಈಗ ಅದರ ಅಗತ್ಯ ದಾಟಿ ಹೋಗಿತ್ತು. ತಟ್ಟೆ ಇಡುವುದು ಮಾತ್ರ ಅವಳೇ.

ರಂಜಾನು ಇಳಿಮುಖವಾದ ಮೇಲೆ ಒಂದು ಮಧ್ಯಾಹ್ನ ನಜ್ಮಾ ಪುದೀನ ಬಿಡಿಸುತ್ತ ಕೂತು ಅಂದಳು: “ಈದ್ ಆದ್ಮೇಲೆ ನಾನು ಬಾಕಿ ರೋಜಾ ತೀರಿಸ್ಬೇಕು ಅಮ್ಮಿ. ಶಿಫಾ ನೋಡಿ, ಒಂದೂ ಬಿಟ್ಟಿಲ್ಲ. ಅದೃಷ್ಟವಂತೆ.”

ಶಹರ್ ಬಾನು ಹಿಟ್ಟು ನಾದುತ್ತಿದ್ದಳು. “ಇನ್ನೂ ದಿನ ಇದೆಯಲ್ಲ,” ಎಂದಳು. ನಾದಿದ್ದನ್ನೇ ಮತ್ತೆ ನಾದಿದಳು. ತಟ್ಟೆ ಖಾಲಿಯಾಗಿದ್ದು ನಜ್ಮಾಳ ದಿನಗಳಲ್ಲಿ ಮಾತ್ರ ಎಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದು ಇಷ್ಟು ದಿನ ಲೆಕ್ಕಕ್ಕೆ ಬಂದಿರಲಿಲ್ಲ.

ಶಿಫಾ ಕಾಲೇಜಿನಿಂದ ಬರುವ ಮೊದಲು ಅವಳ ಕಪಾಟು ತೆಗೆದಳು. ಬಟ್ಟೆಗಳ ಹಿಂದೆ, ನಜ್ಮಾ ಔಷಧಿ ಅಂಗಡಿಯಿಂದ ತಂದುಕೊಟ್ಟ ಪ್ಯಾಡಿನ ಪ್ಯಾಕೆಟ್‌ಗಳು ಒಡೆಯದೆ ಬಿದ್ದಿದ್ದವು. ಒಂದರ ಮೇಲೆ ಧೂಳು ಕೂತಿತ್ತು. ಶಹರ್ ಬಾನು ಕಪಾಟಿನ ಬಾಗಿಲು ಹಾಕಿ ಮಂಚದ ಅಂಚಿಗೆ ಕೂತಳು. ಆಗ ಅವಳ ಮನಸ್ಸಿಗೆ ಬಂದ ಯೋಚನೆಯನ್ನು ನಜ್ಮಾಳಿಗೂ ಹೇಳುವಂತಿರಲಿಲ್ಲ. ಬಸ್ಸಿನ ಓಡಾಟ. ಮೈಸೂರು, ಮಂಗಳೂರು ಎಂದು ಕೂಟಗಳು. ಅಲ್ಲಿ ಎರಡೆರಡು ದಿನ ಉಳಿಯುವುದು. ಮರುದಿನ ಸಹರಿಯ ಹೊತ್ತಿನಲ್ಲಿ, ರೊಟ್ಟಿ ಮುರಿಯುತ್ತಿದ್ದ ಮಗಳ ಹೊಟ್ಟೆಯ ಮೇಲೆ ಅವಳ ಕಣ್ಣು ಹೋಯಿತು. ಅಲ್ಲಿ ಹೊಟ್ಟೆಯೇ ಇರಲಿಲ್ಲ. ಆದರೂ ಕಣ್ಣು ಮತ್ತೆ ಅಲ್ಲಿಗೇ ಹೋಯಿತು.

ಭಾನುವಾರ ತಾರಸಿಯ ಮೇಲೆ ಟಾರ್ಪಾಲು ಹಾಸಿ ಮೆಣಸು ಒಣಗಲು ಹಾಕಿದ್ದರು. ಶಿಫಾ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಎಡ ಮೊಣಕಾಲಿನ ಕೆಳಗೆ ಎಣ್ಣೆ ತಿಕ್ಕುತ್ತಿದ್ದಳು. ಶಹರ್ ಬಾನು ಮೆಣಸು ತಿರುವಿ ಹಾಕುವ ನೆಪದಲ್ಲಿ ಮೇಲೆ ಹೋದಳು.

“ಶಿಫಾ, ನೀನು ಕೊನೇ ಸಲ ಡೇಟ್ ಆಗಿದ್ದು ಯಾವಾಗ?”

“ಯಾಕಮ್ಮಿ?”

“ಕೇಳಿದ್ದಕ್ಕೆ ಹೇಳು.”

“ದಸರಾ ಮೀಟಿಗೆ ಮೊದಲು ಇರ್ಬೇಕು.”

ಶಹರ್ ಬಾನು ಟಾರ್ಪಾಲಿನ ಅಂಚಿನಲ್ಲೇ ಕೂತಳು. ಬಿಸಿಲಿಗೆ ಕಾದ ಮೆಣಸಿನ ಘಾಟು ಮೂಗಿಗೆ ಹೊಡೆಯಿತು.

“ಯಾರು ಅವನು?”

ಶಿಫಾಳಿಗೆ ಮೊದಲು ಅರ್ಥವಾಗಲಿಲ್ಲ. ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಅರ್ಥವಾಯಿತು. ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ. ಎಣ್ಣೆಯ ಕೈಯನ್ನು ಹಳೆ ಟವೆಲ್ಲಿಗೆ ಒಂದೊಂದೇ ಬೆರಳಾಗಿ ಒರೆಸಿಕೊಂಡಳು.

“ಕತ್ತಲಲ್ಲಿ ಎದ್ದು ಓಡೋದು, ಬಸ್ಸು ಹಿಡಿಯೋದು, ಬಂದು ಮತ್ತೆ ಓಡೋದು, ಬಿದ್ದು ನಿದ್ದೆ ಮಾಡೋದು. ನಂಗೆ ಹೊತ್ತೆಲ್ಲಿದೆ ಅಮ್ಮಿ?” ಎಂದಳು. ಟವೆಲ್ಲು ಮಡಿಸಿಟ್ಟು, “ನೀವು ಹಂಗೆ ಕೇಳಬಾರದಿತ್ತು,” ಎಂದಳು.

ಓಡುವ ಹುಡುಗಿಯರಿಗೆ ಇದೆಲ್ಲ ಮಾಮೂಲಂತೆ. ಪ್ರೇಮಲತಾ ಮೇಡಮ್ಮೇ ಹೇಳಿದ್ದರಂತೆ. ಪ್ರಾಕ್ಟೀಸು ಹೆಚ್ಚಾದರೆ ನಿಲ್ಲುತ್ತದೆ, ಕಡಿಮೆಯಾದರೆ ತಾನಾಗಿ ಬರುತ್ತದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ, ಕೂಟದ ದಿನ ಫಜೀತಿ ಇಲ್ಲ. “ಈ ಸಲ ರೋಜಾ ಒಂದೂ ತಪ್ಪಲ್ಲ ಅಂತ ನಂಗೆ ಖುಷಿನೇ ಆಗಿತ್ತು,” ಎಂದಳು ಶಿಫಾ, ಮೆಣಸಿನ ಕಡೆ ನೋಡುತ್ತ.

ಶಹರ್ ಬಾನು ನಂಬಿದಳು. ಮಗಳು ಸುಳ್ಳು ಹೇಳುವಾಗ ಹೇಗಿರುತ್ತಾಳೆ ಎಂದು ಅವಳಿಗೆ ಗೊತ್ತಿತ್ತು, ಇದು ಹಾಗಿರಲಿಲ್ಲ. ಮೊದಲು ಎದೆಯ ಭಾರ ಇಳಿಯಿತು. ನಾಚಿಕೆಯಾದದ್ದು ಅದರ ನಂತರ. ಹೆದರಿಕೆ ಎಲ್ಲದರ ಹಿಂದೆ ನಿಧಾನವಾಗಿ ಬಂತು. ಇಪ್ಪತ್ತೊಂದರ ಹುಡುಗಿಗೆ ನಿಂತುಹೋಗುವುದೆಂದರೇನು? ತನಗೆ ನಿಂತದ್ದು ಮೊನ್ನೆ ಮೊನ್ನೆ.

“ಕಾಲಿಗೇನಾಗಿದೆ?” ಎಂದು ಕೇಳಿದಳು, ಬೇರೇನನ್ನೂ ಕೇಳಲಾಗದೆ.

“ಸ್ವಲ್ಪ ನೋವು. ಎಲ್ರಿಗೂ ಬರುತ್ತೆ.”

ಈದಿಗೆ ಬಟ್ಟೆ ತರುತ್ತೇವೆಂದು ಹೇಳಿ ತಾಯಿ ಮಗಳು ಚಿಕ್ಕಮಗಳೂರಿನ ಬಸ್ಸು ಹತ್ತಿದರು. ಡಾಕ್ಟರ್ ಕೃತಿಕಾ ಚಿಕ್ಕ ವಯಸ್ಸಿನವಳು. ಮೇಜಿನ ಮೇಲೆ ಒಂದೂ ಕಾಗದವಿಲ್ಲದೆ, ಕೈ ಕಟ್ಟಿಕೊಂಡು, ಮಗಳನ್ನೇ ನೋಡುತ್ತ ಕೇಳಿದಳು. ಮೊದಲು ಕೆಲವು ಪ್ರಶ್ನೆಗಳನ್ನು ಶಹರ್ ಬಾನುವನ್ನು ಹೊರಗೆ ಕೂರಿಸಿ ಕೇಳಿದಳು. ಮತ್ತೆ ಒಳಗೆ ಕರೆದಾಗ ಶಿಫಾ ತಾಯಿಯ ಕಡೆ ತಿರುಗಲಿಲ್ಲ.

“ರಂಜಾನು ಬಿಡಿ. ಉಳಿದ ದಿನ ಏನು ತಿಂತೀರ?”

“ಬೆಳಿಗ್ಗೆ ಓಟ ಆದ್ಮೇಲೆ ಎರಡು ಇಡ್ಲಿ.”

“ಆಮೇಲೆ?”

“ಮಧ್ಯಾಹ್ನ ಬಾಕ್ಸು ಒಯ್ತೀನಿ.”

“ತಿಂತೀರಾ?”

ಶಹರ್ ಬಾನುವಿಗೆ ದಿನವೂ ಖಾಲಿಯಾಗಿ ಬರುತ್ತಿದ್ದ ಬಾಕ್ಸು ನೆನಪಾಯಿತು. ಅದರಲ್ಲಿನ ಪಲಾವ್, ಮೊಟ್ಟೆ ಇಷ್ಟು ದಿನ ಯಾರ ಹೊಟ್ಟೆಗೆ ಹೋಗುತ್ತಿತ್ತೋ.

ಡಾಕ್ಟರು ಎದ್ದು ಬಂದು ಶಿಫಾಳ ಎಡ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಕೆಳಗಿಳಿಸುತ್ತ ಹೋದಳು. ಒಂದು ಕಡೆ ಶಿಫಾಳ ಕೈ ತಾನಾಗಿಯೇ ಕುರ್ಚಿಯ ಅಂಚನ್ನು ಹಿಡಿಯಿತು. ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲ.

“ಶುರುವಿನಲ್ಲಿ ಎಕ್ಸ್‌ರೇಗೆ ಸಿಗಲ್ಲ. ಎಮ್ಮಾರೈ ಮಾಡಿಸ್ಬೇಕು,” ಎಂದಳು ಡಾಕ್ಟರು. “ನೋಡಿ ಅಮ್ಮ, ನೀವು ರೋಜಾದಿಂದ ಅಂದ್ಕೊಂಡಿರಬಹುದು. ಒಂದು ತಿಂಗಳ ಉಪವಾಸದಿಂದ ಹಿಂಗಾಗಲ್ಲ. ಇವರು ವರ್ಷದಿಂದ ಅರೆಹೊಟ್ಟೆಯಲ್ಲಿ ಓಡ್ತಿದಾರೆ. ಓಡೋಕೇ ಸಾಲದೆ ಹೋದಾಗ ಮೈ ಬೇರೆ ಖರ್ಚು ನಿಲ್ಲಿಸುತ್ತೆ. ಮೊದಲು ನಿಲ್ಲೋದು ಮುಟ್ಟು. ಆಮೇಲೆ ಮೂಳೆಗೆ ಕೊಡೋದನ್ನೂ ಕಡಿಮೆ ಮಾಡುತ್ತೆ.” ಬೇರೆ ಕಾರಣವೇನಾದರೂ ಇದೆಯೋ ಎಂದು ನೋಡಲು ರಕ್ತ ಪರೀಕ್ಷೆಗೂ ಬರೆದುಕೊಟ್ಟಳು. ಸ್ಕ್ಯಾನ್ ಆಗುವವರೆಗೆ ಓಡಬಾರದು, ಮತ್ತು ಸದ್ಯಕ್ಕೆ ರೋಜಾ ಬೇಡ ಎಂದಳು.

ಎಮ್ಮಾರೈಗೆ ಹಾಸನಕ್ಕೆ ಹೋಗಬೇಕಿತ್ತು. ಅಲ್ಲಿ ಸಿಕ್ಕ ದಿನ ಆಯ್ಕೆ ಓಟ ಮುಗಿದ ಮೇಲಿನದು.

ವಾಪಸಾಗುವಾಗ ಬಸ್ಸು ಊರು ದಾಟಿದ ಮೇಲೆ ಶಿಫಾ ಬಾಯಿಬಿಟ್ಟಳು. “ಅಬ್ಬಾಗೆ ಏನೂ ಹೇಳ್ಬೇಡಿ. ಈ ಒಂದು ಓಟ ಓಡ್ತೀನಿ. ಸ್ಕ್ಯಾನ್ ಹೇಗೂ ಆಮೇಲೆ ತಾನೆ.”

“ರೋಜಾ?”

“ಅದನ್ನೂ ಬಿಡಲ್ಲ. ಇನ್ನು ಕೆಲವೇ ದಿನ.”

“ಎರಡರಲ್ಲಿ ಒಂದು ಬಿಡ್ಬೇಕು.” ಶಹರ್ ಬಾನು ಎದುರಿನ ಸೀಟಿನ ಕಂಬಿ ಹಿಡಿದುಕೊಂಡಿದ್ದಳು. “ಕಾಯಿಲೆಯವರಿಗೆ ಅಲ್ಲಾಹನೇ ರಜೆ ಕೊಟ್ಟಿದಾನೆ. ಅವನು ಕೊಟ್ಟಿದ್ದು ಬೇಡ ಅನ್ನೋಕೆ ನೀನ್ಯಾರು?”

ಓಡಲೇಬೇಡ ಎಂದು ಹೇಳಬೇಕಿತ್ತು. ಅದು ಅವಳಿಗೆ ಗೊತ್ತಿತ್ತು. ಆದರೆ ತಾರಸಿಯ ಮೇಲೆ ಆ ಪ್ರಶ್ನೆ ಕೇಳಿದ ಮೇಲೆ, ಮಗಳಿಗೆ ಇದು ಬೇಡ ಎನ್ನುವ ಬಾಯಿ ಅವಳಿಗೆ ಉಳಿದಿರಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡಿದಂತೆ, ಸಿಕ್ಕಷ್ಟಕ್ಕೆ ಒಪ್ಪಿಕೊಂಡಳು.

ಮರುದಿನ ಮಧ್ಯಾಹ್ನ ಬಾಗಿಲು ಮರೆ ಮಾಡಿ ತಟ್ಟೆಯನ್ನು ಮಗಳ ಮುಂದಿಟ್ಟಳು. ಅನ್ನ, ದಾಲ್, ಎರಡು ಮೊಟ್ಟೆ. ಶಿಫಾ ತಟ್ಟೆಯನ್ನು ಬೆರಳಿನಿಂದ ಸ್ವಲ್ಪ ದೂಡಿದಳು. “ಭಾಬಿಗಾದ್ರೆ ಅವಳ ದಿನ. ನಂಗೇನು ಅಂತ ಉಣ್ಣಲಿ?”

“ನಿನಗೂ ಅದೇ ಅಂದ್ಕೋ.”

ಅರ್ಧ ಉಂಡಳು. ಉಳಿದರ್ಧವನ್ನು ತಾಯಿ ಎದುರಿಗೆ ಕೂತದ್ದರಿಂದ ಉಂಡಳು. ಗ್ಯಾರೇಜಿನಲ್ಲಿ ಗುಲಾಮ್ ಮುಸ್ತಫಾ ಯಾರಿಗೋ ಹೇಳುತ್ತಿದ್ದುದು ಗೋಡೆಯಾಚೆಯಿಂದ ಕೇಳುತ್ತಿತ್ತು. “ನೀರೂ ಇಲ್ಲ ಸ್ವಾಮಿ, ಉಗುಳೂ ನುಂಗಲ್ಲ.”

ಆಯ್ಕೆಯ ದಿನ ಬೆಳಿಗ್ಗೆ ಮೂವರೂ ಜೀಪಿನಲ್ಲಿ ಹೊರಟರು. ಶಹರ್ ಬಾನು ಮಗಳ ಓಟ ನೋಡಲು ಮೈದಾನಕ್ಕೆ ಹೋದದ್ದು ಅದೇ ಮೊದಲು. ನೀನ್ಯಾಕೆ ಎಂದು ಗಂಡ ಕೇಳಲಿಲ್ಲ, ಖುಷಿಪಟ್ಟ. ಮಗಳ ಬ್ಯಾಗಿನ ತಳದಲ್ಲಿ ಅವಳು ಬಾಳೆಹಣ್ಣು, ಖರ್ಜೂರ ಹಾಕಿದ್ದಳು. ಹುಡುಗಿಯರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಶಿಫಾ ಗೋಡೆಗೆ ಮುಖ ಮಾಡಿ ಅದನ್ನು ತಿಂದಳು.

ಮೈದಾನದ ಅಂಚಿನಲ್ಲಿ ಪ್ರೇಮಲತಾ ಸಿಕ್ಕಳು. ಐವತ್ತರ ಹತ್ತಿರದವಳು, ಟೊಪ್ಪಿ, ಕೊರಳಲ್ಲಿ ಸ್ಟಾಪ್‌ವಾಚು. ನಡೆಯುವಾಗ ಒಂದು ಬದಿಗೆ ಸ್ವಲ್ಪ ವಾಲುತ್ತಿದ್ದಳು. “ಬಂದ್ರಾ ಅಮ್ಮ, ಒಳ್ಳೇದಾಯ್ತು,” ಎಂದಳು.

“ಡಾಕ್ಟ್ರು ಓಡಬೇಡ ಅಂದಿದಾರೆ ಮೇಡಂ.”

“ಹೇಳಿದ್ಲು. ಎಕ್ಸ್‌ರೇಲಿ ಏನೂ ಇಲ್ಲಂತಲ್ಲ. ಡಾಕ್ಟ್ರುಗಳು ಯಾವಾಗ್ಲೂ ಹಂಗೇ ಹೇಳೋದು.” ಪ್ರೇಮಲತಾ ದನಿ ತಗ್ಗಿಸಿದಳು. “ಆ ಇನ್ನೊಂದು ವಿಷಯಕ್ಕೂ ಹೆದರ್ಬೇಡಿ. ನಂಗೂ ಎರಡು ವರ್ಷ ನಿಂತಿತ್ತು. ಈಗ ಸರಿಯಾಗಿ ತಯಾರಾದೆ ಅಂತ ನಮ್ಮ ಕೋಚ್ ಬೆನ್ನು ತಟ್ಟಿದ್ರು.”

“ನೀವು ಎಲ್ಲಿವರೆಗೆ ಓಡಿದ್ರಿ ಮೇಡಂ?” ಶಹರ್ ಬಾನು ಸುಮ್ಮನೆ ಮಾತಿಗೆ ಕೇಳಿದಳು.

“ಸೊಂಟದ ಮೂಳೆ ಬಿರುಕು ಬಿಡೋವರೆಗೆ,” ಎಂದು ಪ್ರೇಮಲತಾ, ಎಷ್ಟೋ ಸಲ ಹೇಳಿದ ಮಾತಿಗೆ ನಗುವಂತೆ ನಕ್ಕಳು. ನಗು ನಡುವೆಯೇ ನಿಂತಿತು. ಅವಳು ಶಹರ್ ಬಾನುವನ್ನು ನೋಡಿದಳು, ಆಮೇಲೆ ಆಚೆ ಗೆರೆಯ ಹತ್ತಿರ ಕಾಲು ಕೊಡವುತ್ತಿದ್ದ ಹುಡುಗಿಯರನ್ನು ನೋಡಿದಳು. “ಇದೊಂದು ಓಟ ಆಗ್ಲಿ,” ಎಂದಳು. ಆ ಮಾತನ್ನು ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ಮೆಟ್ಟಿಲ ಸಾಲಿನಲ್ಲಿ ಕೂತ ಮೇಲೆ, ಇಪ್ಪತ್ತೈದು ಸುತ್ತು ಓಡಬೇಕೆಂದು ಗಂಡ ವಿವರಿಸಿದ. ಶಿಫಾ ತಲೆಗೆ ಬಿಗಿಯಾಗಿ ಕಪ್ಪು ಬಟ್ಟೆ ಸುತ್ತಿ, ಪಾದದವರೆಗಿನ ಪ್ಯಾಂಟು ತೊಟ್ಟಿದ್ದಳು. ಶಿಳ್ಳೆಯಾದ ಮೇಲೆ ಗುಂಪು ಹೊರಟಿತು. ಸ್ವಲ್ಪ ಹೊತ್ತಿಗೆ ಗುಂಪು ಉದ್ದವಾಗಿ ದಾರವಾಯಿತು, ದಾರ ಕಡಿದು ಬಿಡಿ ಬಿಡಿಯಾಯಿತು. ಮುಂದೆ ಇಬ್ಬರೇ ಉಳಿದರು, ಉದ್ದ ಜಡೆಯ ಒಬ್ಬ ಹುಡುಗಿ ಮತ್ತು ಶಿಫಾ. ಶಹರ್ ಬಾನುವಿಗೆ ಸುತ್ತಿನ ಲೆಕ್ಕ ತಪ್ಪಿತು. ಅವಳು ನೋಡುತ್ತಿದ್ದದ್ದು ಮಗಳ ಮೈಯನ್ನು. ಅದು ಮೈದಾನದಲ್ಲಿ ಓಡುವುದು ಇಷ್ಟು ವರ್ಷ ಬರೀ ಕೇಳಿಯೇ ಗೊತ್ತಿತ್ತು. ಮನೆಯಲ್ಲಿ ಮೂಳೆ ಚಕ್ಕಳವಾಗಿ ಕಾಣುತ್ತಿದ್ದವಳು ಇಲ್ಲಿ ನೆಲಕ್ಕೆ ಭಾರವೇ ಆಗದವಳಂತೆ ಹೋಗುತ್ತಿದ್ದಳು. ಚೆಂದವಾಗಿತ್ತು. ಅಷ್ಟು ಚೆಂದವಾಗಿರುತ್ತದೆಂದು ಅವಳು ಎಣಿಸಿರಲಿಲ್ಲ.

ತನ್ನ ಮುಂದೆ ಹಾದುಹೋಗುವಾಗಲೆಲ್ಲ ಪ್ರೇಮಲತಾ ಗಡಿಯಾರ ನೋಡಿ ಸಮಯ ಕೂಗುತ್ತಿದ್ದಳು. ಶಿಫಾ ಆ ಕೂಗಿಗೆ ಸರಿಯಾಗಿ ಹೆಜ್ಜೆ ಹಿಗ್ಗಿಸುತ್ತಿದ್ದಳು. ಅರ್ಧ ಓಟ ದಾಟಿದ ಮೇಲೆ ಅವಳ ಎಡಭುಜ ಸ್ವಲ್ಪ ಮೇಲೇರಿತು. ಕಾಲು ಕುಂಟುತ್ತಿರಲಿಲ್ಲ. ಕಾಲಿನದ್ದನ್ನೆಲ್ಲ ಭುಜ ತೆಗೆದುಕೊಂಡಿತ್ತು. ಶಹರ್ ಬಾನು ಪಕ್ಕದಲ್ಲಿದ್ದ ಗಂಡನನ್ನು ನೋಡಿದಳು. ಅವನು ಗೆಲುವಿನ ಮುಖದಲ್ಲಿ ತಸ್ಬಿಯ ಮಣಿ ಎಣಿಸುತ್ತಿದ್ದ. ಕೆಳಗೆ ನೋಡಿದಳು. ಪ್ರೇಮಲತಾಳೂ ಆ ಭುಜವನ್ನೇ ನೋಡುತ್ತಿದ್ದಳು.

ಮುಂದಿನ ಸುತ್ತಿನಲ್ಲಿ ಪ್ರೇಮಲತಾ ಸಮಯ ಕೂಗಲಿಲ್ಲ.

ಶಿಫಾ ಕೂಗಿಗಾಗಿ ಕಾದವಳಂತೆ ತಲೆ ತಿರುಗಿಸಿ ನೋಡಿದಳು. ಪ್ರೇಮಲತಾಳ ಕೈ ಕೆಳಗಿತ್ತು. ಗಡಿಯಾರ ಕೊರಳಲ್ಲಿ ನೇತಾಡುತ್ತಿತ್ತು. ಶಿಫಾ ಹಾಗೆಯೇ ಮುಂದೆ ಹೋದಳು, ತಿರುವು ದಾಟಿದಳು, ಜಡೆಯ ಹುಡುಗಿಯ ಬೆನ್ನಿಗೆ ಇನ್ನೂ ಹತ್ತಿರವಾದಳು. ಆಚೆ ಬದಿಯ ನೇರದಲ್ಲಿ ಏನು ಯೋಚಿಸಿದಳೋ, ಓಟ ನಡಿಗೆಯಾಯಿತು, ನಡೆಯುತ್ತಲೇ ಒಳಗಿನ ಹುಲ್ಲಿಗೆ ಕಾಲಿಟ್ಟಳು. ಬೀಳಲಿಲ್ಲ. ಎಡಗಾಲಿಗೆ ಭಾರ ಹಾಕದೆ ಸ್ವಲ್ಪ ಹೊತ್ತು ನಿಂತಿದ್ದು ಕೂತಳು. ಹಿಂದಿನವರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋದರು.

ಗುಲಾಮ್ ಮುಸ್ತಫಾ ಎದ್ದು ನಿಂತಿದ್ದ. ಹಿಂದಿನ ಸಾಲಿನಲ್ಲಿ ಯಾರೋ, “ಪಾಪ, ಉಪವಾಸ ಇದ್ಕೊಂಡು ಓಡಿದ್ರೆ ಇನ್ನೇನಾಗುತ್ತೆ,” ಎಂದರು. ಅವನು ತಿರುಗಿದ. “ರೋಜಾದಿಂದ ಅಲ್ಲ ಸಾರ್. ತಿಂಗಳಿಡೀ ರೋಜಾ ಹಿಡಿದೇ ಓಡಿದಾಳೆ ಅವಳು.”

ಶಹರ್ ಬಾನು ಅವನ ಅಂಗಿಯ ತುದಿ ಹಿಡಿದು ಕೂರಿಸಿದಳು. “ಇವತ್ತು ಅವಳಿಗೆ ರೋಜಾ ಇಲ್ರೀ,” ಎಂದಳು ಮೆಲ್ಲಗೆ.

ಅವನು ಹೆಂಡತಿಯ ಮುಖ ನೋಡಿದ. ತನಗೆ ತಿಳಿದ ಅರ್ಥದಲ್ಲಿ ತಿಳಿದುಕೊಂಡ. ಗಂಡಸರು ಆ ವಿಷಯದಲ್ಲಿ ಮಾಡುವಂತೆ ಕಣ್ಣು ಬೇರೆ ಕಡೆ ತಿರುಗಿಸಿದ. “ಹೌದಾ,” ಎಂದ. ಹುಲ್ಲಿನ ಮೇಲೆ ಪ್ರೇಮಲತಾ ಒಂದು ಬದಿಗೆ ವಾಲುತ್ತ ಶಿಫಾಳ ಕಡೆ ನಡೆಯುತ್ತಿದ್ದಳು.

ಹಾಸನದ ಸ್ಕ್ಯಾನಿನಲ್ಲಿ ಮೂಳೆಯೊಳಗೆ ಬಿರುಕು ಕಾಣಿಸಿತು. ಆ ಓಟ ಮುಗಿಸಿದ್ದರೆ ಮುರಿಯುತ್ತಿತ್ತೇನೋ ಎಂದಳು ಡಾಕ್ಟರು. ಮುರಿಯದೆಯೂ ಇರಬಹುದಿತ್ತು, ಹೇಳಲಾಗದು ಎಂದೂ ಅಂದಳು. ತಿಂಗಳುಗಟ್ಟಲೆ ಓಟವಿಲ್ಲ. ಹೊಟ್ಟೆ ತುಂಬ ಊಟ, ಹಾಲು, ಮಾತ್ರೆ. ಗುಲಾಮ್ ಮುಸ್ತಫಾನಿಗೆ ಮೂಳೆಯ ವಿಷಯ ಮಾತ್ರ ಹೇಳಿದರು. ಉಳಿದದ್ದು ಅಡುಗೆಮನೆಯಲ್ಲೇ ಉಳಿಯಿತು. ಅವನು ಗ್ಯಾರೇಜಿಗೆ ಬಂದವರಿಗೆ ರಸ್ತೆಯ ಗುಂಡಿಗಳನ್ನು ಬೈದ.

ಈದ್ ಬಂತು, ಹೋಯಿತು. ಜಡೆಯ ಹುಡುಗಿ ತಂಡದ ಜೊತೆ ಹೋಗಿ ಅಲ್ಲಿ ಎಷ್ಟನೆಯವಳೋ ಆಗಿ ಬಂದಳು. ಶಿಫಾ ಪರೀಕ್ಷೆ ಬರೆದಳು. ಬಹಳ ದಿನ ತಾಯಿಯೊಡನೆ ಬೇಕಾದಷ್ಟೇ ಮಾತಾಡಿದಳು. ಅದು ಓಟ ಹೋದದ್ದಕ್ಕಲ್ಲ, ತಾರಸಿಯ ಮಾತಿಗೆ ಎಂದು ಶಹರ್ ಬಾನುವಿಗೆ ಗೊತ್ತಿತ್ತು. ಕೇಳಿದ್ದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಅವಳು ದಿನಾ ಎರಡು ಮೊಟ್ಟೆ ಬೇಯಿಸಿದಳು, ಎದುರಿಗೆ ಕೂತಳು. ತಿನ್ನುವುದು ಶಿಫಾಳಿಗೆ ಓಡುವುದಕ್ಕಿಂತ ಕಷ್ಟವಾಗಿತ್ತು. ಮೊದಲ ತಿಂಗಳು ಊಟವಾದ ಮೇಲೆ ಕನ್ನಡಿಯ ಮುಂದೆ ನಿಂತು ಅಳುತ್ತಿದ್ದಳು. ಕೆನ್ನೆ ತುಂಬಿಕೊಂಡವು. ಪ್ರೇಮಲತಾ ಒಮ್ಮೆ ಮನೆಗೆ ಬಂದು ಕಟ್ಟೆಯ ಮೇಲೆ ಚಹಾ ಕುಡಿದು ಹೋದಳು. ತನ್ನ ಉಳಿದ ಹುಡುಗಿಯರಲ್ಲಿ ಇಬ್ಬರನ್ನು ಆ ಡಾಕ್ಟರ ಹತ್ತಿರವೇ ಕಳಿಸಿದ್ದೇನೆ ಎಂದಳು. ಓಟದ ಮಾತನ್ನು ಅವಳೂ ಎತ್ತಲಿಲ್ಲ, ಶಿಫಾಳೂ ಎತ್ತಲಿಲ್ಲ.

ಮಳೆ ಹಿಡಿದುಕೊಂಡಿತು. ಒಂದು ಸಂಜೆ ಅಡುಗೆಮನೆಯಲ್ಲಿ ಶಿಫಾ ಮಣೆಯ ಮೇಲೆ ಕೂತು ಬೇಯಿಸಿದ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಮಗ್ರಿಬಿನ ಅಜಾನ್ ಮಳೆಯ ಸದ್ದಿನಲ್ಲಿ ಅರ್ಧಂಬರ್ಧ ಕೇಳಿತು. ನಜ್ಮಾ ಕೈಕಾಲು ತೊಳೆದುಕೊಂಡು ಒಳಗೆ ಹೋದಳು. ಶಹರ್ ಬಾನು ನಲ್ಲಿಯ ಕೆಳಗೆ ಮೊಣಕೈವರೆಗೆ ತೊಳೆದುಕೊಂಡು, ಮುಖಕ್ಕೆ ನೀರು ಹಚ್ಚಿಕೊಂಡು ತಿರುಗಿದಳು. ಮಗಳು ಎದ್ದಿರಲಿಲ್ಲ.

“ನಮಾಜಿಗೆ ಹೊತ್ತಾಯ್ತು,” ಎಂದಳು.

ಶಿಫಾ ತಲೆಯೆತ್ತಲಿಲ್ಲ. ಒಂದು ಬೀಜದ ಸಿಪ್ಪೆಗೆ ಉಗುರು ಹಾಕಿದಳು, ಅದು ಚಟ್ಟನೆ ಬಿಟ್ಟಿತು. “ನೀವು ಓದ್ಕೊಳ್ಳಿ ಅಮ್ಮಿ. ನಂಗೆ ಇವತ್ತು ನಮಾಜಿಲ್ಲ. ನಾನು ಇದನ್ನ ಮುಗಿಸ್ತೀನಿ.”

ಶಹರ್ ಬಾನು ಅಲ್ಲೇ ನಿಂತಳು. ಅವಳ ಮೊಣಕೈಯಿಂದ ನೀರು ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಮಗಳು ಇನ್ನೊಂದು ಬೀಜ ಕೈಗೆತ್ತಿಕೊಂಡಳು. ಅದನ್ನು ಬಟ್ಟಲಿಗೆ ಹಾಕದೆ ತನ್ನ ಬಾಯಿಗೆ ಹಾಕಿಕೊಂಡಳು.